ಮಗಳು ಕಾಲೇಜಿನಲ್ಲೂ ಸಾಕರ್ ಆಡಬೇಕು ಅಂದರೆ: ಅಮೆರಿಕದಲ್ಲಿರುವ ಕನ್ನಡ ಅಪ್ಪ ಅಮ್ಮಂದಿರಿಗೆ

ಊರಿನಲ್ಲಿ ನಾವು ಕಂಡ ಕಾಲೇಜ್ ಸೀಟು ಅಂದರೆ ಸಿಇಟಿ ರ‍್ಯಾಂಕು, ಕೌನ್ಸೆಲಿಂಗು, ಅಷ್ಟೇ. ಆಟ ಆಡುವವರಿಗೆ ಸ್ಪೋರ್ಟ್ಸ್ ಕೋಟಾ ಅಂತ ಇತ್ತು, ಸರ್ಟಿಫಿಕೇಟ್ ಜೋಡಿಸಿ ಅರ್ಜಿ ಹಾಕಬೇಕಿತ್ತು. ಅಮೆರಿಕದ ಕಾಲೇಜ್ ಸಾಕರ್ ಹಾಗಲ್ಲ. ರ‍್ಯಾಂಕ್ ಪಟ್ಟಿ ಇಲ್ಲ, ಕೌಂಟರ್ ಇಲ್ಲ, ಕೊನೇ ದಿನಾಂಕ ಅಂತ ಎಲ್ಲೂ ಬೋರ್ಡ್ ಹಾಕಿರುವುದಿಲ್ಲ. ಒಬ್ಬ ಕೋಚ್ ನಿಮ್ಮ ಮಗುವಿನ ಆಟ ನೋಡಬೇಕು, ಇವಳು ನಮ್ಮ ಟೀಮಿಗೆ ಬೇಕು ಅನ್ನಿಸಬೇಕು, ಆಮೇಲೆ ಅಡ್ಮಿಷನ್ ಆಫೀಸ್ ಒಪ್ಪಬೇಕು. ಇದು ಗೊತ್ತಿಲ್ಲದೆ ನಮ್ಮವರು ತುಂಬಾ ಜನ ತಡವಾಗಿ ಶುರು ಮಾಡುತ್ತಾರೆ, ಇಲ್ಲದಿದ್ದರೆ ಏಳನೇ ಕ್ಲಾಸಿನಿಂದಲೇ ದುಡ್ಡು ಸುರಿಯುತ್ತಾರೆ. ನನ್ನ ಮಗಳು ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್), ಈಗ ಒಂದು ಡಿವಿಷನ್ 3 ಕಾಲೇಜಿನಲ್ಲಿ ಆಡುತ್ತಿದ್ದಾಳೆ. ಆ ದಾರಿಯಲ್ಲಿ ತಿಳಿದದ್ದನ್ನು ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರಿಗೆ ನೇರವಾಗಿ ಹೇಳುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೋಚ್ ಜೊತೆ ಮಾತಾಡುವುದು ಮಗುವಿನ ಕೆಲಸ. ದುಡ್ಡಿನ ಲೆಕ್ಕ, ಓದಿನ ಲೆಕ್ಕ, ಕಾಗದ ಪತ್ರ, ಕಾರು ಓಡಿಸುವುದು ನಮ್ಮ ಕೆಲಸ. ಇದು ಅದಲು ಬದಲಾದ ಮನೆಗಳಲ್ಲೇ ಎಲ್ಲ ಕೆಡುವುದು.

ಮೊದಲು ಯಾವ ಯಾವ ಕಾಲೇಜುಗಳಿವೆ ನೋಡಿ. ಎನ್‌ಸಿಎಎ ಅಂದರೆ ಕಾಲೇಜ್ ಆಟಗಳನ್ನು ನಡೆಸುವ ದೊಡ್ಡ ಸಂಘ, ಅದರ ಒಳಗೆ ಮೂರು ಡಿವಿಷನ್. ಅದರ ಹೊರಗೆ ಎನ್‌ಎಐಎ ಅಂತ ಇನ್ನೊಂದು ಸಂಘ, ಜೊತೆಗೆ ಎರಡು ವರ್ಷದ ಜೂನಿಯರ್ ಕಾಲೇಜುಗಳು. ನಮ್ಮ ಕೂಟಗಳಲ್ಲಿ ‘ಡಿ1 ಆ?’ ಅಂತ ಕೇಳುವುದು ಬಿಟ್ಟರೆ ಬೇರೆ ಪ್ರಶ್ನೆಯೇ ಇರುವುದಿಲ್ಲ. ಆದರೆ ಡಿವಿಷನ್ 3ರಲ್ಲಿ ಯಾರಿದ್ದಾರೆ ಗೊತ್ತಾ? ಎಂಐಟಿ, ಕ್ಯಾಲ್‌ಟೆಕ್, ಯೂನಿವರ್ಸಿಟಿ ಆಫ್ ಶಿಕಾಗೊ, ಜಾನ್ಸ್ ಹಾಪ್ಕಿನ್ಸ್, ಕಾರ್ನೆಗಿ ಮೆಲನ್, ಎಮರಿ, ಟಫ್ಟ್ಸ್, ವಿಲಿಯಮ್ಸ್, ಆಮ್‌ಹರ್ಸ್ಟ್. ಆಟವೂ ಹಗುರವಾದದ್ದಲ್ಲ. 2022ರಲ್ಲಿ ಹಾಪ್ಕಿನ್ಸ್ ಹುಡುಗಿಯರು ಡಿವಿಷನ್ 3 ಚಾಂಪಿಯನ್ ಆದರು. ಅದೇ ವರ್ಷ ಶಿಕಾಗೊ ಹುಡುಗರ ಟೀಮ್ ಗೆದ್ದಿತು, ಆಗ ಅವರ ಕೋಚ್ ಆಗಿದ್ದವರು ಜೂಲಿಯಾನ್ ಸಿಚ್. ಎನ್‌ಸಿಎಎ ಪುರುಷರ ಸಾಕರ್ ಟೀಮನ್ನು ಚಾಂಪಿಯನ್ ಮಾಡಿದ ಮೊದಲ ಮಹಿಳೆ ಅವರು. ಓದು, ಆಟ ಎರಡೂ ಬೇಕು ಅನ್ನುವ ಮಗುವಿಗೆ ಇಂಥ ಜಾಗಗಳನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡುವುದು ದೊಡ್ಡ ಅನ್ಯಾಯ.

ಹುಡುಗರ ಅಪ್ಪ ಅಮ್ಮಂದಿರು ಇನ್ನೊಂದು ತಿಳಿದಿರಬೇಕು. ಡಿವಿಷನ್ 1ರಲ್ಲಿ ಹುಡುಗಿಯರ ಟೀಮುಗಳು ಮುನ್ನೂರಕ್ಕೂ ಜಾಸ್ತಿ, ಹುಡುಗರದು ಇನ್ನೂರರ ಆಸುಪಾಸು. 1972ರ ಟೈಟಲ್ ನೈನ್ ಕಾನೂನಿನ ಪ್ರಕಾರ ಗಂಡು ಹೆಣ್ಣು ಇಬ್ಬರಿಗೂ ಆಟದಲ್ಲಿ ಸಮಾನ ಅವಕಾಶ ಕೊಡಬೇಕು. ಅಮೆರಿಕನ್ ಫುಟ್ಬಾಲ್ ಒಂದೇ ಹುಡುಗರ ಕಡೆಯ ಲೆಕ್ಕವನ್ನು ಬಹಳಷ್ಟು ತುಂಬಿಬಿಡುವುದರಿಂದ ಎಷ್ಟೋ ದೊಡ್ಡ ಯೂನಿವರ್ಸಿಟಿಗಳಲ್ಲಿ ಹುಡುಗರ ಸಾಕರ್ ಟೀಮೇ ಇಲ್ಲ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್, ಟೆಕ್ಸಸ್ ಎ ಅಂಡ್ ಎಂ ಎರಡರಲ್ಲೂ ಹುಡುಗಿಯರ ಟೀಮ್ ಮಾತ್ರ. ಡಲ್ಲಾಸ್ ಕಡೆಯವರು ‘ಇಲ್ಲೇ ಹತ್ತಿರ ಸೇರಿಸೋಣ’ ಅಂದುಕೊಂಡಿದ್ದರೆ ಈಗಲೇ ನಕ್ಷೆ ತೆಗೆದು ನೋಡಿ. ಅದರ ಮೇಲೆ, ಹುಡುಗರ ಡಿವಿಷನ್ 1 ಟೀಮುಗಳಲ್ಲಿ ಯುರೋಪ್, ಲ್ಯಾಟಿನ್ ಅಮೆರಿಕ, ಆಫ್ರಿಕಾದಿಂದ ಬಂದ ಆಟಗಾರರು ತುಂಬಾ ಇರುತ್ತಾರೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಬೇಕು ಅನ್ನುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬೇರೆ 2018ರಿಂದ ಇದೆ. ಇಪ್ಪತ್ತೊಂದು ವರ್ಷದ ಪಳಗಿದ ಆಟಗಾರ ಸಿಗುವಾಗ ಹದಿನೇಳರ ಹುಡುಗನನ್ನು ಯಾಕೆ ತಗೊಳ್ಳಲಿ ಅಂತ ಕೋಚ್ ಯೋಚಿಸುವುದು ಸಹಜ ಅಲ್ವಾ?

ಮಗುವಿನ ಮಟ್ಟ ಯಾವುದು ಅಂತ ಹೇಗೆ ತಿಳಿಯುವುದು? ನಮ್ಮ ಕಣ್ಣಿಗೆ ನಮ್ಮ ಮಗು ಯಾವಾಗಲೂ ಚೆನ್ನಾಗಿಯೇ ಆಡುತ್ತದೆ. ಕ್ಲಬ್ ಕೋಚ್ ಹತ್ತಿರ ಕೂತು, ಮಗುವಿನ ಎದುರೇ, ‘ಇವಳು ಯಾವ ಮಟ್ಟದ ಕಾಲೇಜಿನಲ್ಲಿ ಮೈದಾನಕ್ಕೆ ಇಳಿದು ಆಡಬಲ್ಲಳು?’ ಅಂತ ಕೇಳಿ. ಯಾವ ಮಟ್ಟದಲ್ಲಿ ಸೇರಬಲ್ಲಳು ಅಂತ ಕೇಳಬೇಡಿ, ಆಡಬಲ್ಲಳು ಅಂತಲೇ ಕೇಳಿ. ಆಮೇಲೆ ಮನಸ್ಸಿನಲ್ಲಿರುವ ಕಾಲೇಜುಗಳ ವೆಬ್‌ಸೈಟಿಗೆ ಹೋಗಿ ರೋಸ್ಟರ್, ಅಂದರೆ ಆಟಗಾರರ ಪಟ್ಟಿ, ತೆರೆಯಿರಿ. ಅಲ್ಲಿರುವ ಹುಡುಗಿಯರು ಯಾವ ಕ್ಲಬ್‌ನಿಂದ ಬಂದಿದ್ದಾರೆ, ಇಸಿಎನ್‌ಎಲ್, ಗರ್ಲ್ಸ್ ಅಕಾಡೆಮಿ ಥರದ ದೇಶಮಟ್ಟದ ಲೀಗ್‌ನ ಕ್ಲಬ್ ಆ, ಇಲ್ಲ ಊರಿನ ಸಣ್ಣ ಕ್ಲಬ್ ಆ? ಹುಡುಗರಾದರೆ ಅಂಥದೇ ಲೀಗ್ ಆದ ಎಂಎಲ್‌ಎಸ್ ನೆಕ್ಸ್ಟ್‌ನವರು ಎಷ್ಟು? ನಿಮ್ಮ ಮಗುವಿನ ಜಾಗದಲ್ಲಿ ಈಗ ಯಾರಿದ್ದಾರೆ, ಅವರು ಯಾವ ವರ್ಷ ಮುಗಿಸುತ್ತಾರೆ? ಮೊದಲ ವರ್ಷದವರು ಎಷ್ಟು ನಿಮಿಷ ಆಡಿದ್ದಾರೆ ಅಂತ ಅಂಕಿಅಂಶದ ಪುಟದಲ್ಲೇ ಸಿಗುತ್ತದೆ. ಒಂದು ಸಂಜೆ ಮಗುವಿನ ಜೊತೆ ಕೂತು ಇದನ್ನು ಮಾಡಿದರೆ ಸಾವಿರಾರು ಡಾಲರ್ ತಗೊಂಡು ಮಕ್ಕಳನ್ನು ಕೋಚ್‌ಗಳಿಗೆ ಪರಿಚಯಿಸುವ ರಿಕ್ರೂಟಿಂಗ್ ಸರ್ವಿಸ್ ಹೇಳುವುದಕ್ಕಿಂತ ಜಾಸ್ತಿ ತಿಳಿಯುತ್ತದೆ. ಆ ಸರ್ವಿಸ್‌ಗಳು ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅವರು ಕಳಿಸುವ ಸಾಮೂಹಿಕ ಈಮೇಲ್ ಯಾವುದು, ಮಗು ಬರೆದದ್ದು ಯಾವುದು ಅಂತ ಕೋಚ್‌ಗಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇನ್ನು ದಿನಾಂಕಗಳು. ಡಿವಿಷನ್ 1 ಸಾಕರ್‌ನಲ್ಲಿ ಹತ್ತನೇ ಕ್ಲಾಸ್ ಮುಗಿದ ಮೇಲೆ ಬರುವ ಜೂನ್ 15ರ ತನಕ ಕೋಚ್ ನಿಮ್ಮ ಮಗುವಿಗೆ ರಿಕ್ರೂಟಿಂಗ್ ವಿಷಯದಲ್ಲಿ ಫೋನ್, ಮೆಸೇಜ್, ಈಮೇಲ್ ಏನೂ ಮಾಡುವಂತಿಲ್ಲ. ಅದೇ ವರ್ಷ ಆಗಸ್ಟ್ 1ರಿಂದ ಕಾಲೇಜಿಗೆ ಭೇಟಿ ಕೊಡಬಹುದು. ಡಿವಿಷನ್ 2ಕ್ಕೂ ಜೂನ್ 15. ಡಿವಿಷನ್ 3ರಲ್ಲಿ ಫೋನ್ ಈಮೇಲ್‌ಗೆ ಇಂಥ ಕಟ್ಟು ಇಲ್ಲ, ಕಾಲೇಜ್ ಖರ್ಚಿನ ಭೇಟಿ ಮಾತ್ರ ಹನ್ನೊಂದನೇ ಕ್ಲಾಸಿನ ಜನವರಿ 1ರಿಂದ. ಒಂಬತ್ತನೇ ಕ್ಲಾಸಿನಲ್ಲಿ ಮಗಳು ಬರೆದ ಈಮೇಲ್‌ಗೆ ಉತ್ತರ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಬರೆಯಲು ಮಗುವಿಗೆ ಅಡ್ಡಿಯಿಲ್ಲ, ಉತ್ತರಿಸಲು ಕೋಚ್‌ಗೆ ಅನುಮತಿಯಿಲ್ಲ. ಓದಿರುತ್ತಾರೆ.

ಇಲ್ಲಿ ನಮ್ಮವರಿಗೇ ಬರುವ ಒಂದು ತೊಂದರೆ ಇದೆ: ಊರಿನ ಪ್ರವಾಸ. ಶಾಲೆಗೆ ಬೇಸಿಗೆ ರಜ ಬಂದ ಕೂಡಲೇ ಬೆಂಗಳೂರಿಗೆ ಟಿಕೆಟ್ ಮಾಡುತ್ತೇವೆ. ಜೂನ್ 15 ಬರುವುದೂ ಆಗಲೇ, ಕಾಲೇಜ್ ಕ್ಯಾಂಪುಗಳೂ ಆಗಲೇ, ಸ್ಯಾನ್ ಡಿಯಾಗೊದ ಸರ್ಫ್ ಕಪ್ ಟೂರ್ನಮೆಂಟ್ ಇರುವುದೂ ಬೇಸಿಗೆಯಲ್ಲೇ. ಹತ್ತನೇ ಕ್ಲಾಸ್ ಮುಗಿದ ಬೇಸಿಗೆ, ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆ, ಇವೆರಡರಲ್ಲಿ ಊರಿಗೆ ಹೋಗಲೇಬೇಕಾದರೆ ಕ್ಯಾಲೆಂಡರ್ ನೋಡಿ ದಿನ ಇಟ್ಟುಕೊಳ್ಳಿ. ಅಜ್ಜಿಯ ಮನೆಯಿಂದಲೂ ಕೋಚ್ ಜೊತೆ ಮಾತಾಡಬಹುದು, ಆದರೆ ಕ್ಯಾಲಿಫೋರ್ನಿಯಾದ ಕೋಚ್ ಮಧ್ಯಾಹ್ನ ಎರಡಕ್ಕೆ ಕರೆ ಮಾಡಿದರೆ ಮೈಸೂರಿನಲ್ಲಿ ರಾತ್ರಿ ಎರಡೂವರೆ. ಇಂಥ ದಿನದಿಂದ ಇಂಥ ದಿನದ ತನಕ ಇಂಡಿಯಾದಲ್ಲಿರುತ್ತೇನೆ, ಈ ಹೊತ್ತು ಅನುಕೂಲ ಅಂತ ಮಗು ಮೊದಲೇ ಬರೆದಿಟ್ಟರೆ ಯಾರಿಗೂ ಕಿರಿಕಿರಿ ಇಲ್ಲ.

ಈಮೇಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅರ್ಧ ಕೆಲಸ ನಡೆಯುವುದು ಅದರಲ್ಲೇ. ವಿಷಯದ ಸಾಲಿನಲ್ಲೇ ಎಲ್ಲ ಬರಬೇಕು: ಹೈಸ್ಕೂಲ್ ಮುಗಿಸುವ ವರ್ಷ, ಯಾವ ಜಾಗದ ಆಟಗಾರ್ತಿ, ಎಡಗಾಲಾ ಬಲಗಾಲಾ, ಕ್ಲಬ್ ಹೆಸರು, ಜಿಪಿಎ (ಶಾಲೆಯ ಅಂಕಗಳ ಸರಾಸರಿ). ‘2028, ಲೆಫ್ಟ್ ಬ್ಯಾಕ್, ಎಡಗಾಲು, 3.9’ ಅಂತ ನೋಡಿದರೆ, 2028ಕ್ಕೆ ಲೆಫ್ಟ್ ಬ್ಯಾಕ್ ಹುಡುಕುತ್ತಿರುವ ಕೋಚ್ ತೆರೆದೇ ತೆರೆಯುತ್ತಾರೆ. ಒಳಗೆ ನಾಲ್ಕೈದು ಸಣ್ಣ ಪ್ಯಾರಾ ಸಾಕು. ಈ ಕಾಲೇಜೇ ಯಾಕೆ ಅನ್ನುವುದಕ್ಕೆ ಒಂದು ನಿಜವಾದ ಕಾರಣ ಇರಲಿ. ‘ನಿಮ್ಮ ಹಿಂದಿನ ಪಂದ್ಯ ನೋಡಿದೆ, ಫುಲ್ ಬ್ಯಾಕ್‌ಗಳನ್ನು ತುಂಬಾ ಮುಂದಕ್ಕೆ ಕಳಿಸುತ್ತೀರಿ, ನಾನೂ ಹಾಗೇ ಆಡುತ್ತೇನೆ’ ಅಂತ ಬರೆಯಬೇಕಾದರೆ ಆ ಪಂದ್ಯ ನೋಡಿರಬೇಕು, ಸುಮ್ನೆ ಬರೆದರೆ ಮೊದಲ ಫೋನಿನಲ್ಲೇ ಸಿಕ್ಕಿಬೀಳುತ್ತಾರೆ. ಆಮೇಲೆ ವಿಡಿಯೋ ಲಿಂಕ್, ಮುಂದಿನ ಟೂರ್ನಮೆಂಟ್‌ನ ದಿನ, ಗಂಟೆ, ಮೈದಾನದ ನಂಬರ್, ಜೆರ್ಸಿ ನಂಬರ್, ಕ್ಲಬ್ ಕೋಚ್‌ನ ಫೋನ್. ಟೂರ್ನಮೆಂಟ್‌ಗೆ ಒಂದೆರಡು ವಾರ ಮೊದಲು ಕಳಿಸಿ, ಎರಡು ದಿನ ಮೊದಲು ಇನ್ನೊಮ್ಮೆ ನೆನಪಿಸಿ. ಸೈನ್ ಮಾಡುವುದು ಮಗು, ಬರೆಯುವುದೂ ಮಗುವೇ. ನೀವು ಓದಿ ತಪ್ಪು ತಿದ್ದಿ, ಆದರೆ ನಲವತ್ತೈದು ವರ್ಷದ ಮ್ಯಾನೇಜರ್ ಬರೆದ ಹಾಗೆ ಕಾಣಬಾರದು.

ಹೆಸರಿನ ವಿಷಯ ಮರೆಯಬೇಡಿ. ನಮ್ಮ ಮನೆಗಳಲ್ಲಿ ಒಂದು ಕಡೆ ಅಪ್ಪನ ಹೆಸರು ಕೊನೆಗೆ, ಇನ್ನೊಂದು ಕಡೆ ಊರಿನ ಹೆಸರು, ಕ್ಲಬ್ ಕಾರ್ಡಿನಲ್ಲಿ ಅರ್ಧ ಹೆಸರು, ಶಾಲೆಯಲ್ಲಿ ಪೂರ್ತಿ ಹೆಸರು. ಟೂರ್ನಮೆಂಟ್ ಆಪ್‌ನಲ್ಲಿ ಕೋಚ್ ಹುಡುಕಿದಾಗ ಸಿಗಬೇಕು, ಹಾಗಾಗಿ ಈಮೇಲ್, ವಿಡಿಯೋ, ಕ್ಲಬ್ ರೋಸ್ಟರ್ ಎಲ್ಲದರಲ್ಲೂ ಒಂದೇ ಹೆಸರಿರಲಿ. ಹೇಗೆ ಉಚ್ಚರಿಸಬೇಕು ಅಂತ ಒಂದು ಸಾಲು ಸೇರಿಸಿದರೆ ಫೋನ್ ಮಾಡುವವರಿಗೂ ಧೈರ್ಯ.

ವಿಡಿಯೋ ಮೂರರಿಂದ ಐದು ನಿಮಿಷ, ಅದಕ್ಕಿಂತ ಉದ್ದ ಬೇಡ. ಅತಿ ಒಳ್ಳೆಯ ತುಣುಕು ಮೊದಲು, ಯಾಕೆಂದರೆ ಅರ್ಧ ನಿಮಿಷದಲ್ಲಿ ಮನಸ್ಸಿಗೆ ಬಾರದಿದ್ದರೆ ಮುಚ್ಚಿಬಿಡುತ್ತಾರೆ. ಮೈದಾನದಲ್ಲಿ ಇಪ್ಪತ್ತೆರಡು ಜನ ಇರುತ್ತಾರೆ, ಎತ್ತರದ ಕ್ಯಾಮೆರಾದಿಂದ ಎಲ್ಲರೂ ಒಂದೇ ಥರ ಕಾಣುತ್ತಾರೆ. ಪ್ರತಿ ತುಣುಕಿನ ಶುರುವಿನಲ್ಲಿ ಒಂದು ಕ್ಷಣ ನಿಲ್ಲಿಸಿ ಮಗುವಿನ ಸುತ್ತ ಒಂದು ವೃತ್ತ ಹಾಕಿ, ಆಮೇಲೆ ಓಡಲಿ. ಚೆಂಡು ಬರುವುದಕ್ಕೆ ಮೂರ್ನಾಲ್ಕು ಸೆಕೆಂಡ್ ಮೊದಲೇ ತುಣುಕು ಶುರುವಾಗಲಿ, ಮಗು ತಲೆ ತಿರುಗಿಸಿ ಸುತ್ತ ನೋಡಿದಳಾ ಅನ್ನುವುದನ್ನೂ ಕೋಚ್ ನೋಡುತ್ತಾರೆ. ಡಿಫೆಂಡರ್ ಆದರೆ ಬರೀ ಗೋಲು ತೋರಿಸಿ ಉಪಯೋಗವಿಲ್ಲ. ನನ್ನ ಮಗಳ ವಿಡಿಯೋದಲ್ಲಿ ಕೆಲಸಕ್ಕೆ ಬಂದದ್ದು ಒಂದು ಸಾದಾ ತುಣುಕು: ಎದುರಿನ ವಿಂಗರ್ ಅವಳನ್ನು ದಾಟಿ ಹೋಗುತ್ತಾಳೆ, ಇವಳು ತಿರುಗಿ ಬೆನ್ನಟ್ಟಿ, ಪೆನಲ್ಟಿ ಬಾಕ್ಸ್ ಅಂಚಿನಲ್ಲಿ ಫೌಲ್ ಮಾಡದೆ ಚೆಂಡು ಕಸಿದು, ಎಡಗಾಲಿನಲ್ಲಿ ಮೈದಾನದ ಆ ಕಡೆಗೆ ಪಾಸ್ ಕೊಡುತ್ತಾಳೆ. ಇಬ್ಬರು ಕೋಚ್‌ಗಳು ಫೋನಿನಲ್ಲಿ ಅದನ್ನೇ ಕೇಳಿದರು. ಹಾಡು, ಸ್ಲೋ ಮೋಷನ್ ಏನೂ ಬೇಡ. ಒಂದು ಪೂರ್ತಿ ಪಂದ್ಯದ ಲಿಂಕ್ ಕೆಳಗೆ ಹಾಕಿ, ನಿಜವಾಗಿ ಆಸಕ್ತಿ ಇರುವವರು ಅದನ್ನೇ ನೋಡುವುದು.

ಕಾಲೇಜ್ ಕೋಚ್‌ಗಳು ಆಟಗಾರರನ್ನು ಗುರುತಿಸಲು ನಡೆಸುವ ಐಡಿ ಕ್ಯಾಂಪ್‌ಗಳ ಆಹ್ವಾನಗಳು ರಾಶಿ ಬೀಳುತ್ತವೆ. ‘ನಿನ್ನ ಆಟ ನೋಡಿದ್ದೇವೆ, ನಮ್ಮ ಐಡಿ ಕ್ಯಾಂಪಿಗೆ ಬಾ’ ಅಂತ ಬಂದ ಈಮೇಲ್ ಎಷ್ಟೋ ಸಲ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಗಿರುತ್ತದೆ. ಕ್ಯಾಂಪು ಪ್ರೋಗ್ರಾಮಿಗೆ ಆದಾಯ ತರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಹೋಗಬೇಕಾ ಬೇಡವಾ ಅಂತ ತಿಳಿಯಲು ಕ್ಲಬ್ ಕೋಚ್‌ನಿಂದ ಒಂದು ಮಾತು ಕೇಳಿಸಿ: ‘ಈ ಹುಡುಗಿಯ ಬಗ್ಗೆ ನಿಜವಾಗಿ ಆಸಕ್ತಿ ಇದೆಯಾ?’ ಉತ್ತರದಲ್ಲಿ ಮಗುವಿನ ಆಟದ ಬಗ್ಗೆ ಏನಾದರೂ ಇದ್ದರೆ ಹೋಗಿ. ಇಲ್ಲದಿದ್ದರೆ ಆ ದುಡ್ಡು ಉಳಿಸಿ, ಮಗು ನಿಜಕ್ಕೂ ಓದಲು ಇಷ್ಟಪಡುವ ಕಾಲೇಜಿನ ಕ್ಯಾಂಪಿಗೆ ಇಡಿ.

ಟೂರ್ನಮೆಂಟ್‌ನಲ್ಲಿ ಕೋಚ್‌ಗಳು ಮಡಚುವ ಕುರ್ಚಿ ಹಾಕಿಕೊಂಡು ರೋಸ್ಟರ್ ಹಾಳೆ ಹಿಡಿದು ಕೂತಿರುತ್ತಾರೆ. ಹತ್ತಿರ ಹೋಗಿ ಪರಿಚಯ ಮಾಡಿಕೊಳ್ಳಬೇಡಿ. ಚೆಂಡು ಕಳೆದುಕೊಂಡ ಮೇಲೆ ಮಗು ಏನು ಮಾಡುತ್ತದೆ, ಬದಲಿಯಾಗಿ ಹೊರಬಂದಾಗ ಬೆಂಚಿನಲ್ಲಿ ಹೇಗೆ ಕೂರುತ್ತದೆ ಅಂತ ಅವರು ನೋಡುತ್ತಾರೆ, ಅಪ್ಪ ಅಮ್ಮ ರೆಫರಿಗೆ ಕೂಗುತ್ತಾರಾ ಅಂತಲೂ ನೋಡುತ್ತಾರೆ. ಮಗುವಿನ ಬ್ಯಾಗ್ ಮಗುವೇ ಹೊರಲಿ.

ಫೋನ್ ಕರೆಗಳು ಶುರುವಾದ ಮೇಲೆ ಮನೆಯಲ್ಲಿ ಎಲ್ಲರಿಗೂ ಸಂಭ್ರಮ. ಆಗಲೇ ಎಚ್ಚರ ಬೇಕು. ‘ನಿನ್ನ ಆಟ ತುಂಬಾ ಹಿಡಿಸಿತು, ಸಂಪರ್ಕದಲ್ಲಿರು’ ಅನ್ನುವುದು, ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂದ ಹಾಗೆ. ಒಪ್ಪಿಗೆಯೂ ಅಲ್ಲ, ತಿರಸ್ಕಾರವೂ ಅಲ್ಲ. ಮಗು ವಿನಯವಾಗಿ ನೇರ ಪ್ರಶ್ನೆ ಕೇಳುವುದನ್ನು ಕಲಿಯಬೇಕು: ನನ್ನ ವರ್ಷಕ್ಕೆ ಎಷ್ಟು ಜನರನ್ನು ತಗೊಳ್ಳುತ್ತೀರಿ? ನನ್ನ ಜಾಗಕ್ಕೆ ಎಷ್ಟು ಜನ? ನಿಮ್ಮ ಪಟ್ಟಿಯಲ್ಲಿ ನಾನು ಎಲ್ಲಿದ್ದೇನೆ? ಯಾವಾಗ ನಿರ್ಧಾರ ಮಾಡುತ್ತೀರಿ? ಒಳ್ಳೆಯ ಕೋಚ್‌ಗಳಿಗೆ ಇದರಿಂದ ಬೇಸರವಾಗುವುದಿಲ್ಲ. ಬಾಯಿಮಾತಿನ ಆಫರ್‌ಗೆ ಎರಡೂ ಕಡೆ ಕಟ್ಟುಪಾಡಿಲ್ಲ ಅನ್ನುವುದು ನೆನಪಿರಲಿ. ಮೊದಲೆಲ್ಲ ಈ ಕಾಲೇಜಿಗೇ ಸೇರುತ್ತೇನೆ ಅನ್ನುವ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಕಾಗದಕ್ಕೆ ಸಹಿ ಹಾಕುತ್ತಿದ್ದರು, ಅದನ್ನು 2024ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಈಗ ಕಾಲೇಜ್ ಕೊಡುವ ಸ್ಕಾಲರ್‌ಶಿಪ್ ಒಪ್ಪಂದದ ಕಾಗದವೇ ಆಧಾರ. ಅದನ್ನು ಸಾಲು ಸಾಲಾಗಿ ಓದುವುದು ನಿಮ್ಮ ಕೆಲಸ.

ದುಡ್ಡಿನ ವಿಷಯಕ್ಕೆ ಬರೋಣ. ‘ಸಾಕರ್ ಆಡಿದರೆ ಫುಲ್ ಸ್ಕಾಲರ್‌ಶಿಪ್’ ಅನ್ನುವ ಮಾತನ್ನು ಮನಸ್ಸಿನಿಂದ ತೆಗೆಯಿರಿ. ಬಹಳ ಕಾಲ ಡಿವಿಷನ್ 1ರಲ್ಲಿ ಹುಡುಗರ ಒಂದು ಇಡೀ ಟೀಮಿಗೆ 9.9, ಹುಡುಗಿಯರ ಟೀಮಿಗೆ 14 ಸ್ಕಾಲರ್‌ಶಿಪ್ ಮಿತಿ ಇತ್ತು. ಅದನ್ನೇ ತುಂಡು ಮಾಡಿ ಹಂಚುತ್ತಿದ್ದರು. 2025ರ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ ಕೋರ್ಟ್ ಒಪ್ಪಿದ ಮೇಲೆ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ಟೀಮಿನಲ್ಲಿ 28 ಜನರಿಗಿಂತ ಜಾಸ್ತಿ ಇರಬಾರದು ಅನ್ನುವ ಮಿತಿ ಬಂತು. ಮಿತಿ ಹೋಯಿತು ಅಂದರೆ ದುಡ್ಡು ಬಂತು ಅಂತಲ್ಲ. ಎಷ್ಟೋ ಕಡೆ ಸಾಕರ್ ಬಜೆಟ್ ಇದ್ದಷ್ಟೇ ಇದೆ, ಆದರೆ ಸ್ಕಾಲರ್‌ಶಿಪ್ ಇಲ್ಲದೆ ಟೀಮಿಗೆ ಸೇರಿಕೊಳ್ಳುತ್ತಿದ್ದ ವಾಕ್ ಆನ್ ಮಕ್ಕಳಿಗೆ ಜಾಗ ಕಮ್ಮಿಯಾಗಿದೆ. ಐವಿ ಲೀಗ್ (ಹಾರ್ವರ್ಡ್, ಯೇಲ್ ಥರದ ಎಂಟು ಕಾಲೇಜುಗಳ ಗುಂಪು) ಈ ಒಪ್ಪಂದಕ್ಕೆ ಸೇರಲಿಲ್ಲ, ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಮೊದಲಿನಿಂದಲೂ ಇಲ್ಲ. ಡಿವಿಷನ್ 3ರಲ್ಲೂ ಇಲ್ಲ. ಅಲ್ಲೆಲ್ಲ ಸಿಗುವುದು ಮನೆಯ ಆದಾಯ ನೋಡಿ ಕೊಡುವ ಸಹಾಯ, ಕೆಲವು ಕಡೆ ಓದಿಗೆ ಕೊಡುವ ಸಹಾಯ.

ಅದಕ್ಕೇ ಮೊದಲು ಲೆಕ್ಕ ಹಾಕಿ ನೋಡಿ. ನಿಮ್ಮ ಆದಾಯಕ್ಕೆ ಸಹಾಯ ಕಳೆದು ಎಷ್ಟು ಕಟ್ಟಬೇಕಾಗುತ್ತದೆ ಅಂತ ಅಂದಾಜು ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ಇರುತ್ತದೆ, ಇರಲೇಬೇಕು ಅಂತ ಕಾನೂನೇ ಇದೆ. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿರುವ ಮನೆಗೆ ಎಷ್ಟೋ ಕಡೆ ಸಹಾಯ ಸೊನ್ನೆ ಅಂತ ತೋರಿಸುತ್ತದೆ. ಅದು ಒಂಬತ್ತನೇ ಕ್ಲಾಸಿನಲ್ಲೇ ಗೊತ್ತಾದರೆ ಒಳ್ಳೆಯದು, ಮಗು ಒಂದು ಕಾಲೇಜಿಗೆ ಮನಸ್ಸು ಕೊಟ್ಟ ಮೇಲೆ ‘ಆಗಲ್ಲ’ ಅನ್ನುವುದು ತುಂಬಾ ನೋವು. ನಮ್ಮಿಂದ ವರ್ಷಕ್ಕೆ ಇಷ್ಟು ಸಾಧ್ಯ ಅಂತ ಮಗುವಿಗೆ ಬಾಯಿಬಿಟ್ಟು ಹೇಳಿ. ಹದಿನೈದು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಆಫರ್ ಬಂದರೆ ಕೇಳಬೇಕಾದದ್ದು: ಎಷ್ಟು ವರ್ಷಕ್ಕೆ? ಗಾಯವಾದರೆ ಏನು? ಕೋಚ್ ಬದಲಾದರೆ? ಓದಿನ ಸ್ಕಾಲರ್‌ಶಿಪ್ ಇದರ ಜೊತೆ ಸೇರುತ್ತದಾ?

ಎಚ್ 1ಬಿ ಕೆಲಸದ ವೀಸಾ ಮೇಲೆ ಇರುವ ಮನೆಗಳಿಗೆ ಬೇರೆ ಲೆಕ್ಕ. ಎಚ್ 4, ಅಂದರೆ ಅವಲಂಬಿತರ ವೀಸಾದಲ್ಲಿರುವ ಮಕ್ಕಳು ಕಾಲೇಜ್ ಟೀಮಿನಲ್ಲಿ ಆಡಬಹುದು, ಕಾಲೇಜ್ ಕೊಡುವ ಆಟದ ಸ್ಕಾಲರ್‌ಶಿಪ್ ಪಡೆಯಬಹುದು. ಆದರೆ ಫೆಡರಲ್ ಸರ್ಕಾರದ ಸಹಾಯ ಸಿಗುವುದಿಲ್ಲ. ಇಪ್ಪತ್ತೊಂದು ತುಂಬಿದರೆ ಎಚ್ 4 ಮುಗಿಯಿತು, ಎಫ್ 1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಅದೂ ಸೀಸನ್ ಮಧ್ಯದಲ್ಲಿ ಬೀಳದ ಹಾಗೆ ಮೊದಲೇ ಯೋಜನೆ ಬೇಕು. ಜಾಹೀರಾತು, ಪ್ರಾಯೋಜಕರ ದುಡ್ಡು ಅಂತ ಯಾರಾದರೂ ಬಂದರೆ ಇಮಿಗ್ರೇಷನ್ ವಕೀಲರನ್ನು ಕೇಳದೆ ಒಂದು ಡಾಲರೂ ಮುಟ್ಟಬೇಡಿ. ಸರ್ಕಾರಿ ಯೂನಿವರ್ಸಿಟಿಯಲ್ಲಿ ಎಚ್ 4 ಮಗುವಿಗೆ ರಾಜ್ಯದವರ ಫೀಸ್ ಇದೆಯಾ ಅನ್ನುವುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಆ ಯೂನಿವರ್ಸಿಟಿಯಿಂದಲೇ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಓದಿನಲ್ಲಿ ನಮ್ಮ ಮಕ್ಕಳು ಸಾಮಾನ್ಯವಾಗಿ ಮುಂದೆ ಇರುತ್ತಾರೆ, ಆದರೆ ಒಂದು ಬಲೆ ಇದೆ. ಡಿವಿಷನ್ 1, 2ಕ್ಕೆ ಆಡುವ ಅರ್ಹತೆ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್ ಒಪ್ಪಿದ 16 ಕೋರ್ ಕೋರ್ಸ್, ಅಂದರೆ ಹೈಸ್ಕೂಲಿನ ಮುಖ್ಯ ವಿಷಯಗಳು, ಬೇಕು. ಡಿವಿಷನ್ 1ಕ್ಕೆ ಅದರಲ್ಲಿ 10 ಕೋರ್ಸ್ ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ ಮುಗಿದಿರಬೇಕು, ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದ್ದು. ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ಜಿಯೋಮೆಟ್ರಿ ಮುಗಿಸಿ ಒಂದು ವರ್ಷ ಮುಂದೆ ಓಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ ಅಲ್ವಾ, ಆ ಕೋರ್ಸ್ ಎನ್‌ಸಿಎಎ ಪಟ್ಟಿಯಲ್ಲಿ ಇಲ್ಲದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಸೇರಿಸುವ ಮೊದಲೇ ನೋಡಿ. ಎಸ್‌ಎಟಿ ಬೇಕು ಅನ್ನುವ ನಿಯಮವನ್ನು ಎನ್‌ಸಿಎಎ 2023ರಲ್ಲಿ ತೆಗೆಯಿತು, ಆದರೆ ಎಂಐಟಿ, ಹಾರ್ವರ್ಡ್ ಥರದ ಕಾಲೇಜುಗಳು ತಮ್ಮ ಅಡ್ಮಿಷನ್‌ಗೆ ಕೇಳುತ್ತವೆ. ಹಾಗಾಗಿ ಹನ್ನೊಂದನೇ ಕ್ಲಾಸಿನಲ್ಲೇ ಬರೆಸಿಬಿಡಿ.

ಇದು ಮುಖ್ಯ ಯಾಕೆಂದರೆ, ಓದಿಗೆ ಹೆಸರಾದ ಡಿವಿಷನ್ 3 ಕಾಲೇಜುಗಳಲ್ಲಿ ಹನ್ನೆರಡನೇ ಕ್ಲಾಸಿಗೆ ಮೊದಲಿನ ಜುಲೈನಲ್ಲಿ ಪ್ರೀ ರೀಡ್ ನಡೆಯುತ್ತದೆ. ಕೋಚ್ ಮಗುವಿನ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ), ಟೆಸ್ಟ್ ಅಂಕ, ಮುಂದಿನ ವರ್ಷದ ವಿಷಯಗಳ ಪಟ್ಟಿಯನ್ನು ಅಡ್ಮಿಷನ್ ಆಫೀಸಿಗೆ ಕೊಟ್ಟು ‘ಆಗುತ್ತದಾ?’ ಅಂತ ಕೇಳುತ್ತಾರೆ. ಆಗುತ್ತದೆ ಅಂದರೆ ಸಾಮಾನ್ಯವಾಗಿ ಅರ್ಲಿ ಡಿಸಿಷನ್ ಹಾಕು ಅನ್ನುತ್ತಾರೆ. ಅದಕ್ಕೆ ಒಪ್ಪಿದರೆ ಸೀಟು ಸಿಕ್ಕ ಮೇಲೆ ಬೇರೆ ಕಾಲೇಜ್ ನೋಡುವಂತಿಲ್ಲ, ಫೀಸ್ ಹೋಲಿಸಿ ನೋಡುವ ಅವಕಾಶವೂ ಇಲ್ಲ. ದುಡ್ಡಿನ ಅಂದಾಜನ್ನೂ ಆಗಲೇ ಕೇಳಿ, ಅನೇಕ ಕಾಲೇಜುಗಳು ಕೊಡುತ್ತವೆ.

ಭೇಟಿಗೆ ಹೋದಾಗ ಕೋಚ್‌ಗಿಂತ ಹುಡುಗಿಯರ ಜೊತೆ ಮಗು ಜಾಸ್ತಿ ಹೊತ್ತು ಕಳೆಯಲಿ. ಎಂಜಿನಿಯರಿಂಗ್ ಅಥವಾ ಪ್ರೀ ಮೆಡ್ ಮಾಡುವವರು ಟೀಮಿನಲ್ಲಿ ಎಷ್ಟು ಜನ, ಮಧ್ಯಾಹ್ನದ ಲ್ಯಾಬ್ ಮತ್ತು ಪ್ರಾಕ್ಟೀಸ್ ಒಂದೇ ಹೊತ್ತಿಗೆ ಬಂದರೆ ಏನು ಮಾಡುತ್ತಾರೆ ಅಂತ ಅವರನ್ನೇ ಕೇಳಬೇಕು. ಡಿವಿಷನ್ 1ರಲ್ಲಿ ಸೀಸನ್ ಇರುವಾಗ ವಾರಕ್ಕೆ 20 ಗಂಟೆ ಅಂತ ನಿಯಮ. ಪ್ರಯಾಣ, ಫಿಸಿಯೋ ಇವೆಲ್ಲ ಆ ಲೆಕ್ಕದ ಹೊರಗೆ. ಸಸ್ಯಾಹಾರಿ ಮಗುವಾದರೆ ಬಸ್ಸಿನಲ್ಲಿ ದೂರ ಹೋಗುವಾಗ ಟೀಮ್ ಊಟಕ್ಕೆ ಏನು ಸಿಗುತ್ತದೆ ಅಂತಲೂ ಕೇಳಲಿ, ಸಂಕೋಚ ಬೇಡ, ಖಾಲಿ ಹೊಟ್ಟೆಯಲ್ಲಿ ತೊಂಬತ್ತು ನಿಮಿಷ ಆಡಲು ಆಗುವುದಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ನೀವು ಕೇಳಬೇಕಾದದ್ದು ಒಂದೇ: ಮೊದಲ ವರ್ಷವೇ ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತರೂ ಇಲ್ಲಿ ಓದಲು ಇಷ್ಟವಾ? ಇಲ್ಲ ಅಂದರೆ ಆ ಕಾಲೇಜ್ ಬಿಟ್ಟುಬಿಡಿ, ಆಟ ಎಷ್ಟೇ ಚೆನ್ನಾಗಿರಲಿ.

ಕೊನೆಗೆ, ಒಂದು ಕಡೆ ಗಟ್ಟಿಯಾದ ಮೇಲೂ ಸ್ವಲ್ಪ ಕೆಲಸ ಉಳಿದಿರುತ್ತದೆ. ಬೇರೆ ಕೋಚ್‌ಗಳಿಗೆಲ್ಲ ಮಗು ಧನ್ಯವಾದ ಬರೆಯಲಿ. ಹನ್ನೆರಡನೇ ಕ್ಲಾಸಿನ ಅಂಕ ಜಾರಬಾರದು, ಕೊನೇ ಟ್ರಾನ್ಸ್‌ಕ್ರಿಪ್ಟ್ ತಪ್ಪದೆ ಕಳಿಸಿ. ಎನ್‌ಸಿಎಎ ಆಟಗಾರರಿಗೆ ಸಿಕಲ್ ಸೆಲ್ (ವಂಶವಾಹಿಯಾಗಿ ಬರುವ ರಕ್ತದ ಒಂದು ತೊಂದರೆ) ಪರೀಕ್ಷೆಯ ಫಲಿತಾಂಶ ಕೇಳುತ್ತಾರೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಹುಟ್ಟಿದಾಗಲೇ ಮಾಡಿರುತ್ತಾರೆ, ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಆ ದಾಖಲೆ ಇರದಿದ್ದರೆ ಬೇಸಿಗೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿಡಿ. ಅಜ್ಜಿ ಕಳಿಸಿದ ಲೇಹ್ಯ, ಅಶ್ವಗಂಧ, ಅಂಗಡಿಯ ಪ್ರೋಟೀನ್ ಪುಡಿ ಏನೇ ತಗೊಳ್ಳುತ್ತಿದ್ದರೂ ಟೀಮಿನ ಅಥ್ಲೆಟಿಕ್ ಟ್ರೈನರ್‌ಗೆ ಡಬ್ಬಿ ಸಮೇತ ತೋರಿಸಿ ಕೇಳಿ, ಯಾಕೆಂದರೆ ಡೋಪಿಂಗ್ ಪರೀಕ್ಷೆಯಲ್ಲಿ ಗೊತ್ತಿಲ್ಲದೆ ತಗೊಂಡೆ ಅನ್ನುವ ಮಾತು ನಡೆಯುವುದಿಲ್ಲ.